ಕಿನುಯೆ ಅಕ್ಕನ ನಾಲಿಗೆ

ತಾಕಿದೊ ಊರು, ಹಿದಾ ಬೆಟ್ಟ
ಡಿಸೆಂಬರ್ 9

ಪ್ರೀತಿಯ ಕಿನುಯೆ ಅಕ್ಕನಿಗೆ,

ನಿಮ್ಮ ಕಡಲಿನಲ್ಲಿ ಬುರಿ ಮೀನನ್ನು ಎಬ್ಬಿಸುವ ಗುಡುಗು ಶುರುವಾಯಿತೇ? ಇಲ್ಲಿ ಮೊನ್ನೆಯಿಂದ ಹಿಮ ಬೀಳುತ್ತಿದೆ. ತೊಟ್ಟಿಯ ನೀರಿನ ಮೇಲೆ ಬೆಳಿಗ್ಗೆ ಹೊತ್ತು ಗಾಜಿನಂಥ ಪದರ ಕಟ್ಟುತ್ತದೆ. ಪತ್ರವನ್ನು ಹವೆಯ ಮಾತಿನಿಂದಲೇ ಶುರುಮಾಡಬೇಕು, ಹೊಟ್ಟೆಯಲ್ಲಿರುವುದನ್ನೆಲ್ಲ ಮೊದಲ ಸಾಲಿನಲ್ಲೇ ಕಕ್ಕಬಾರದು ಎಂದು ಅತ್ತೆ ನನಗೆ ಎಷ್ಟು ಸಲ ಹೇಳಿಕೊಟ್ಟಿದ್ದರೋ. ಅದಕ್ಕೇ ಹಿಮದ ಮಾತು ಬರೆದೆ. ಹಿಮದ ಮಾತು ಮುಗಿಯಿತು.

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ನೀವು ಇದನ್ನು ಒಲೆಗೆ ಹಾಕದೆ ಒಡೆದಿದ್ದರೆ ನನ್ನ ಅರ್ಧ ಕೆಲಸ ಆದಂತೆ. ಏಳು ವರ್ಷದಲ್ಲಿ ನಾನು ನಿಮಗೆ ಒಂದು ಸಾಲು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಹೊಸವರ್ಷದ ದಿನ ನಮ್ಮ ಯಜಮಾನರು, ನಿಮ್ಮ ತಮ್ಮ, ನಿಮಗೆ ಫೋನ್ ಮಾಡುವಾಗ ಹಿಂದೆ ಪಾತ್ರೆಗಳ ಸದ್ದು ಕೇಳಿಸುತ್ತಿತ್ತಲ್ಲ, ಅದು ನಾನು. ನಿಮಗೆ ಕೇಳಿಸಲಿ ಎಂದೇ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಿದ್ದೆ. ಈಗ ನಿಮ್ಮಿಂದ ಒಂದು ಉಪಕಾರ ಬೇಕಾಗಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ನಿಮ್ಮ ನಾಲಿಗೆ ಬೇಕು.

ಹೆದರಬೇಡಿ, ವಿವರವಾಗಿ ಹೇಳುತ್ತೇನೆ. ಈ ಫೆಬ್ರವರಿಯಲ್ಲಿ ಒಂದು ವಾರ ನನಗೆ ಜ್ವರ ಬಂದಿತ್ತು. ಬಂದ ಜ್ವರ ಬಿಟ್ಟಿತು, ಆದರೆ ಹೋಗುವಾಗ ಮೂಗು ನಾಲಿಗೆ ಎರಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೊದಲ ದಿನ ಮಿಸೊ ಸಾರು ಕುಡಿದರೆ ಬರೀ ಬಿಸಿನೀರು. ನಿಮ್ಮ ತಮ್ಮ ಮಿಸೊ ಹಾಕುವುದನ್ನೇ ಮರೆತಿದ್ದಾರೆ ಎಂದುಕೊಂಡು ಚೆನ್ನಾಗಿ ಬೈದೆ. ಆಮೇಲೆ ಕೆಂಪು ಗಡ್ಡೆಯ ಉಪ್ಪಿನಕಾಯಿ ಕಚ್ಚಿದೆ. ಹಲ್ಲಿಗೆ ಕರುಮ್ ಎಂದಿತು, ಅಷ್ಟೇ. ಉಪ್ಪಿಲ್ಲ, ಹುಳಿಯಿಲ್ಲ, ಏನೂ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು ಒಂದರ ಮೇಲೊಂದು ಡಬ್ಬಿ ತೆಗೆದು ಬೆರಳು ಅದ್ದಿ ಅದ್ದಿ ನೆಕ್ಕಿದೆ. ಸಕ್ಕರೆ, ಉಪ್ಪು, ಸೋಯಾ, ಒಣಮೀನಿನ ಪುಡಿ, ಎಲ್ಲ ಒಂದೇ. ತಾಕಾಯಾಮಾದ ಡಾಕ್ಟರು ಬಾಯಿ ತೆರೆಸಿ ದೀಪ ಹಾಕಿ ನೋಡಿ, "ನರ ಚಿಗುರಬೇಕಮ್ಮ. ಚಿಗುರಿದ್ರೆ ಚಿಗುರ್ತು, ಇಲ್ಲಾಂದ್ರೆ ಇಲ್ಲ" ಎಂದರು. ಅದಕ್ಕೆ ಓದಿ ಡಾಕ್ಟರಾಗಬೇಕಿತ್ತೇ? ನಮ್ಮ ಮೇಕೆಯೂ ಅಷ್ಟು ಹೇಳುತ್ತಿತ್ತು.

ಹತ್ತು ತಿಂಗಳಿಂದ ಹೀಗೇ ಅತಿಥಿಗಳಿಗೆ ಅಡುಗೆ ಮಾಡಿ ಹಾಕಿದ್ದೇನೆ. ಉಪ್ಪಿನ ಅಳತೆ ಕೈಗೆ ಗೊತ್ತು, ಮಿಸೊ ಎಷ್ಟೆಂದು ಸೌಟಿಗೆ ಗೊತ್ತು, ಹೊಳೆಮೀನು ಬೆಂದದ್ದು ಕಣ್ಣಿಗೆ ಗೊತ್ತು. ಯಾರಿಗೂ ಹೇಳಲಿಲ್ಲ. ನಾಲ್ಕು ಕೋಣೆಯ ಅತಿಥಿಮನೆ ನಮ್ಮದು. ಬೆಟ್ಟದ ನೋಟ ಚೆನ್ನಾಗಿರುವ ಮನೆಗಳು ಬೇರೆ ಬೇಕಾದಷ್ಟಿವೆ. ಜನ ನಮ್ಮಲ್ಲಿಗೆ ಬರುವುದು ಊಟಕ್ಕೆ. ಅಡುಗೆಯವಳಿಗೇ ರುಚಿ ಗೊತ್ತಾಗುವುದಿಲ್ಲ ಎಂದು ಊರಿಗೆ ತಿಳಿದರೆ ನಾಳೆಯಿಂದ ಯಾರು ಬರುತ್ತಾರೆ? ಹಾಗೆಂದು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಾಯಿ ಮುಚ್ಚಿಕೊಂಡಿತ್ತು ಎಂದರೆ ನೀವು ನಂಬುವುದಿಲ್ಲ, ಆದರೂ ನಿಜ.

ಆದರೆ ತೊಚಿ ಕಾಯಿಯ ಕಹಿ ಬಿಡಿಸಲು ಕೈಯೂ ಸಾಲದು, ಕಣ್ಣೂ ಸಾಲದು. ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ನಿಮಗಿನ್ನೂ ಮದುವೆಯಾಗಿರಲಿಲ್ಲ. ಆ ಚಳಿಗಾಲ ನಾವಿಬ್ಬರೂ ನಡುಮನೆಯ ನೆಲದಲ್ಲಿ ತೋಡಿದ ಒಲೆಯ ಪಕ್ಕ ಕೂತು ತೊಚಿ ಕಾಯಿಯ ಸಿಪ್ಪೆ ಬಿಡಿಸಿ ಬಿಡಿಸಿ ಉಗುರು ಕಪ್ಪಾಗಿಸಿಕೊಂಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಯಿಯನ್ನು ಒಂದು ವಾರ ತೊಟ್ಟಿಯಲ್ಲಿ ನೆನೆಹಾಕಿ, ಸಿಪ್ಪೆ ತೆಗೆದು, ಚೀಲದಲ್ಲಿ ಕಟ್ಟಿ ಹರಿಯುವ ತೊರೆಗೆ ಬಿಟ್ಟು, ಬೇಯಿಸಿ, ಕೊನೆಗೆ ಬಿಸಿ ಬೂದಿನೀರಿನಲ್ಲಿ ಮಲಗಿಸಬೇಕು. ಅಲ್ಲಿಯವರೆಗೆ ಯಾರು ಬೇಕಾದರೂ ಮಾಡಿಯಾರು. ಕಹಿ ಬಿಟ್ಟಿತೋ ಇಲ್ಲವೋ ಎಂದು ಹೇಳಬೇಕಾದ್ದು ಮಾತ್ರ ನಾಲಿಗೆ. ಬೇಗ ತೆಗೆದರೆ ಗಂಟಲು ಕೆರೆಯುತ್ತದೆ, ತಡವಾದರೆ ತೊಚಿಯ ಘಮವೆಲ್ಲ ಹೋಗಿ ಬೂದಿಯ ಜಿಗುಟೇ ಉಳಿಯುತ್ತದೆ. ಅತ್ತೆ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ ನಾಲಿಗೆಯ ತುದಿಗೆ ಒಂದೊಂದು ಚೂರು ಇಡುತ್ತಿದ್ದರು. ಮಾತಾಡುವಂತಿಲ್ಲ. ಬಾಯಿ ತೆರೆದರೆ ಕಹಿ ಗಂಟಲಿಗೆ ಇಳಿಯುತ್ತದೆ ಎನ್ನುತ್ತಿದ್ದರು. ಇನ್ನೂ ಎಷ್ಟು ತಾಸು ಬೂದಿಯಲ್ಲಿರಬೇಕು ಎಂದು ಬೆರಳಿನಲ್ಲಿ ತೋರಿಸಬೇಕು. ನೀವು ಮೂರು ಬೆರಳು ಎತ್ತಿದರೆ ನಾನೂ ಮೂರೇ ಎತ್ತಿರುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ. ನಾನು ನಿಮ್ಮನ್ನು ನೋಡಿ ಎತ್ತುತ್ತೇನೆ ಎಂದು ಅತ್ತೆಗೆ ಅನುಮಾನ. ಒಂದು ದಿನ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು. ಆಗಲೂ ಇಬ್ಬರದೂ ಎರಡೇ ಬೆರಳು. ಬಟ್ಟೆ ಬಿಚ್ಚಿ, "ನನಗೆ ಇಬ್ರು ಹೆಣ್ಮಕ್ಕಳು, ನಾಲಿಗೆ ಒಂದೇ" ಎಂದರು. ತವರು ಬಿಟ್ಟು ಬಂದಮೇಲೆ ನಾನು ಮೊದಲ ಸಲ ಅತ್ತದ್ದು ಅಂದು. ನೀವು ಹೊಗೆ ತಗಲಿರಬೇಕು ಎಂದು ಒಲೆಯ ಕೊಳ್ಳಿ ಸರಿಮಾಡಿದಿರಿ.

ಇರಲಿ, ನವೆಂಬರಿನ ಕಥೆಗೆ ಬರುತ್ತೇನೆ.

ತಮಾಕಿ ಎಂದು ಒಬ್ಬ ಹುಡುಗಿ ಇದ್ದಾಳೆ. ಪರದೇಶದ ಪ್ರವಾಸಿಗಳನ್ನು ನಮ್ಮಂಥ ಹಳ್ಳಿಗಳಿಗೆ ಕರೆತಂದು, ಅಲ್ಲಲ್ಲಿನ ಊಟ ಮಾಡಿಸಿ, ಅವರ ಕೈಯಿಂದಲೂ ಒಂದಿಷ್ಟು ಮಾಡಿಸುವುದು ಅವಳ ಕೆಲಸ. ಮೂರು ವರ್ಷದಿಂದ ನಮ್ಮ ಮನೆಗೂ ತರುತ್ತಿದ್ದಾಳೆ. ಅಕ್ಟೋಬರಿನಲ್ಲಿ ಬಂದವಳು, "ಶಿಜುನೊ ಅಮ್ಮ, ಈ ಸಲ ಬರೀ ಊಟ ಬೇಡ. ಅವರ ಕೈಲೇ ತೊಚಿ ಮೊಚಿ ಕುಟ್ಟಿಸೋಣ. ಈ ಸುತ್ತಲ್ಲಿ ಅದನ್ನ ಮಾಡೋ ಮನೆ ಇನ್ನು ನಿಮ್ಮದೊಂದೇ ಉಳಿದಿರೋದು" ಎಂದಳು. ಆಗಲೇ ಆಗುವುದಿಲ್ಲ ಎನ್ನಬಹುದಿತ್ತು. ನಿಮ್ಮದೊಂದೇ ಎಂದಳಲ್ಲ, ಆ ಮಾತಿಗೆ ಉಬ್ಬಿಹೋದೆ. ಆಗಲಿ ಎಂದೆ.

ಬೂದಿಯದೇ ಚಿಂತೆಯಾಯಿತು. ನಮ್ಮ ನಡುಮನೆಯ ಒಲೆಯ ಗತಿ ಏನಾಯಿತು ಎಂದು ನಿಮಗೆ ಗೊತ್ತು. ಅದನ್ನು ಆಮೇಲೆ ಬರೆಯುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಇಷ್ಟು ವರ್ಷ ಕೆಳಮನೆಯ ಮುದುಕರು ತಮ್ಮ ಒಲೆಯ ಓಕ್ ಬೂದಿ ಒಂದು ಬುಟ್ಟಿ ಕೊಡುತ್ತಿದ್ದರು. ಈ ವರ್ಷ ಅವರೂ ಸೀಮೆಎಣ್ಣೆ ಒಲೆ ತಂದು ಕೂತಿದ್ದಾರೆ. ನಿಮ್ಮ ತಮ್ಮನನ್ನು ಕೇಳಿದರೆ, "ಸ್ನಾನದ ಒಲೆಗೆ ಅಣಬೆ ಬೆಳೆಸಿದ ಹಳೇ ಕೊರಡೇ ಹಾಕ್ತಿದೀನಲ್ಲ, ಎಲ್ಲ ಓಕ್ ಮರದ್ದೇ. ಎಷ್ಟು ಬೇಕೋ ಅಷ್ಟು ಬೂದಿ ತಗೋ" ಎಂದರು. ತೆಗೆದುಕೊಂಡೆ. ಕೊರಡು ಮೇಲೆ ಮಾತ್ರ ಇತ್ತಂತೆ. ಕೆಳಗೆಲ್ಲ ತೋಟದಂಚಿನಲ್ಲಿ ಕಡಿದ ಸುಗಿ ಮರ. ಸುಗಿ ಬೂದಿಯಿಂದ ತೊಚಿಯ ಕಹಿ ಹೋಗುವುದಿಲ್ಲ ಎಂದು ಈ ಬೆಟ್ಟದಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಗಂಡಸರಿಗೆ ಮಾತ್ರ ಬೂದಿ ಎಂದರೆ ಬೂದಿ.

ನಾಲಿಗೆ ಇದ್ದಿದ್ದರೆ ಮೊದಲ ಚೂರಿಗೇ ಗೊತ್ತಾಗುತ್ತಿತ್ತು. ನಾನು ಚೂರನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣುಮುಚ್ಚಿ ಕೂತೆ, ನೀವು ಎದುರು ಕೂತಿದ್ದೀರಿ ಎಂದುಕೊಂಡು. ಒಂದು ಬೆರಳು ಎತ್ತಿದೆ. ಯಾಕೆ ಒಂದು ಎಂದು ನನಗೇ ತಿಳಿಯದು. ಒಂದು ತಾಸು ಬಿಟ್ಟು ತೆಗೆದುಬಿಟ್ಟೆ.

ಬಂದವರು ಏಳು ಮಂದಿ. ಐವರು ಕೆನಡಾದವರು, ಇಬ್ಬರು ಕೊರಿಯಾದ ತಾಯಿ ಮಗಳು. ಒಳ್ಳೆಯ ಜನ. ಕೆನಡಾದ ಒಬ್ಬ ಉದ್ದನೆಯ ಮನುಷ್ಯ ನಮ್ಮ ಬಾಗಿಲಿಗೆ ಮೂರು ಸಲ ತಲೆ ಬಡಿದುಕೊಂಡು ಮೂರು ಸಲವೂ ಬಾಗಿಲನ್ನೇ ಕ್ಷಮೆ ಕೇಳಿದ. ಒರಳಿನ ಸುತ್ತ ನಿಂತು ಒಬ್ಬರಾದ ಮೇಲೆ ಒಬ್ಬರು ಒನಕೆ ಹಿಡಿದರು. ನಾನು ನೀರು ಮುಟ್ಟಿ, ತೊಚಿ ಬೆರೆಸಿದ ಅಂಟಕ್ಕಿಯ ಹಿಟ್ಟು ಮಗುಚುತ್ತಿದ್ದೆ. ತಮಾಕಿ ಚಿತ್ರ ತೆಗೆದದ್ದೇ ತೆಗೆದದ್ದು. ಉಂಡೆ ಕಟ್ಟಿ, ಒಳಗೆ ಕೆಂಪು ಕಾಳಿನ ಹೂರಣ ಇಟ್ಟು, ಬಿಸಿಬಿಸಿಯಾಗಿ ಮುಂದಿಟ್ಟೆ. ಕಂದು ಬಣ್ಣ, ಮೈಮೇಲೆ ಹೊಳಪು, ನೋಡಲು ಅತ್ತೆಯ ಕೈಯದೇ ಅನಿಸುತ್ತಿತ್ತು. ಬಹಳ ದಿನದ ಮೇಲೆ ನನಗೆ ನನ್ನ ಬಗ್ಗೆ ಹೆಮ್ಮೆಯಾಯಿತು.

ಎಲ್ಲರೂ ಕಚ್ಚಿದರು. ಎಲ್ಲರ ದವಡೆಯೂ ನಿಧಾನವಾಯಿತು. ಆಮೇಲೆ ಆ ಉದ್ದನೆಯ ಮನುಷ್ಯ ನಮ್ಮ ಮಾತಿನಲ್ಲಿ ತನಗೆ ಬರುತ್ತಿದ್ದ ಒಂದೇ ವಾಕ್ಯ ಹೇಳಿದ: "ತುಂಬಾ ರುಚಿ." ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಊಟ ಅವರ ಮನಸ್ಸಿಗೆ ತಟ್ಟಿದೆ ಎಂದುಕೊಂಡೆ, ಅಕ್ಕ. ತಮಾಕಿಯೂ "ತುಂಬಾ ಚೆನ್ನಾಗಿದೆ ಅಮ್ಮ" ಎಂದು ಮೂರು ಬಟ್ಟಲು ಚಹಾ ಒಟ್ಟಿಗೆ ಕುಡಿದಳು. ಆಗಲೂ ನನಗೆ ಹೊಳೆಯಲಿಲ್ಲ. ಇನ್ನು ನಿಮ್ಮ ತಮ್ಮ! ಚಿಕ್ಕಂದಿನಿಂದಲೂ ತೊಚಿ ಕಂಡರೆ ಮಾರು ದೂರ ಓಡುವ ನಿಮ್ಮ ತಮ್ಮ, ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಒಂದರ ಹಿಂದೆ ಒಂದು ತಿನ್ನತೊಡಗಿದರು. ಒಂಬತ್ತು ತಿಂದರು. ನಾನು ಎಣಿಸಿದೆ. ವಯಸ್ಸಾದಮೇಲಾದರೂ ಬುದ್ಧಿ ಬಂತಲ್ಲ ಎಂದು ಖುಷಿಪಟ್ಟೆ.

ಕೊರಿಯಾದ ಅಜ್ಜಿ ಮಾತ್ರ ಬಾಯಲ್ಲಿದ್ದುದನ್ನು ಮೆಲ್ಲಗೆ ಕಾಗದಕ್ಕೆ ತೆಗೆದು, ಮಡಚಿ, ಅಂಗಿಯ ತೋಳಿನೊಳಗೆ ಸೇರಿಸಿ, ಎದ್ದು ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ಹೆಸರು ಪಾಂಗ್ ಅಮ್ಮ, ಎಂಬತ್ತರ ಹತ್ತಿರ. ಮಗಳು ಹಿಂದಿನಿಂದ ಓಡಿಬಂದಳು. ಅವಳು ಕೆಲವು ವರ್ಷ ನಾಗೋಯಾದಲ್ಲಿ ಕೆಲಸದಲ್ಲಿದ್ದವಳು, ನಮ್ಮ ಮಾತು ಚೆನ್ನಾಗಿ ಬರುತ್ತದೆ. ಮುಖ ಕೆಂಪಾಗಿ, "ತಪ್ಪು ತಿಳ್ಕೋಬೇಡಿ, ನಮ್ಮಮ್ಮಂಗೆ ದಾಕ್ಷಿಣ್ಯ ಅನ್ನೋದೇ ಗೊತ್ತಿಲ್ಲ" ಎಂದಳು. ಅಜ್ಜಿ ಅದಕ್ಕೆಲ್ಲ ಕಾಯಲಿಲ್ಲ. ಪಾತ್ರೆಯಲ್ಲಿ ಉಳಿದಿದ್ದ ತೊಚಿಯನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು. ಥೂ ಎಂದರು. ಬೂದಿಯ ಚೀಲ ತೆರೆದು ಒಂದು ಚಿಟಿಕೆ ಉಜ್ಜಿ, ಮೂಸಿ, ನನ್ನ ಮುಖದ ಮೇಲೇ ಊದಿದರು. ಆಮೇಲೆ ಒಂದೇ ಉಸಿರಿಗೆ ಏನೇನೋ ಹೇಳಿದರು.

ಮಗಳು ನೆಲ ನೋಡುತ್ತ ಹೇಳಿದಳು: "ನಮ್ಮೂರಲ್ಲಿ ಓಕ್ ಕಾಯಿ ಹಿಟ್ಟಲ್ಲಿ ಹಲ್ವಾ ಥರ ಒಂದು ಮಾಡ್ತೀವಿ. ಕಹಿ ಬಿಡಿಸ್ದೇ ಬಡಿಸಿದ್ರೆ ಅಮ್ಮನ ಅತ್ತೆ ತಟ್ಟೆ ಎಸೀತಿದ್ರಂತೆ. ಇದನ್ನ ಮಾಡಿದೋರು ಬಾಯಿಗೆ ಇಟ್ಟು ನೋಡ್ಲಿಲ್ವಾ ಅಂತ ಕೇಳ್ತಿದಾರೆ."

ನೋಡಿದೆ, ಏನೂ ಗೊತ್ತಾಗಲಿಲ್ಲ, ಫೆಬ್ರವರಿಯಿಂದ ಏನೂ ಗೊತ್ತಾಗುತ್ತಿಲ್ಲ ಎಂದು ನನ್ನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಗಂಡನಿಗೆ ಹೇಳದ್ದನ್ನು ಅಂದೇ ಮೊದಲ ಸಲ ಕಂಡ ಒಬ್ಬ ಅಜ್ಜಿಗೆ ಹೇಳಿದೆ. ಅವರು ನನ್ನ ಗಲ್ಲ ಹಿಡಿದು ಬಾಯಿ ತೆರೆಸಿದರು, ಮಕ್ಕಳಿಗೆ ನೋಡುವ ಹಾಗೆ. ನೋಡಿ, ಬಾಯಿ ಮುಚ್ಚಿಸಿ, ಕೆನ್ನೆ ತಟ್ಟಿದರು. ನನಗೆ ಐವತ್ತೆಂಟು ವರ್ಷ ಅಕ್ಕ, ಕೆನ್ನೆ ತಟ್ಟುವವರು ಯಾರಿದ್ದಾರೆ? ಅಡುಗೆ ಒಲೆಯ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅಜ್ಜಿ ಇನ್ನೊಂದು ಮಾತು ಕೇಳಿದರು. ಮಗಳು ಅದನ್ನು ಹೇಳಿದಳು: "ಈ ಮನೇಲಿ ಇನ್ನೊಂದು ನಾಲಿಗೆ ಇಲ್ವಾ ಅಂತಾರೆ."

ಇದೆ, ಅದು ಮದುವೆಯಾಗಿ ಹೋಗಿ ಹಿಮಿಯ ಬಂದರಿನಲ್ಲಿದೆ ಎಂದೆ.

ಅತಿಥಿಗಳು ಹೋದಮೇಲೆ ನಿಮ್ಮ ತಮ್ಮನ ಹೊಟ್ಟೆನೋವು ಶುರುವಾಯಿತು. ಚಾಪೆಯ ಮೇಲೆ ಮಡಚಿಕೊಂಡು ಬಿದ್ದಿದ್ದರು. ಕಹಿ ಎಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. "ಮೀನಿನ ಪಿತ್ತ ಅಗಿದ್ರೂ ವಾಸಿ" ಎಂದರು. ಮತ್ತೆ ಒಂಬತ್ತು ಯಾಕೆ ತಿಂದಿರಿ ಎಂದರೆ, "ಅವರ ಪಾಲಿಗೆ ಕಡಿಮೆ ಉಳೀಲಿ ಅಂತ." ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಆಮೇಲೆ ಒಂದೊಂದಾಗಿ ಹೊರಬಂತು. ನನ್ನ ನಾಲಿಗೆ ಹೋದದ್ದು ಅವರಿಗೆ ಮಾರ್ಚಿನಿಂದಲೇ ಗೊತ್ತಿತ್ತಂತೆ. ನಾನು ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆನಂತೆ. ಅಂದಿನಿಂದ ನಾನು ತಟ್ಟೆಗಳನ್ನು ಒಳಗೆ ಒಯ್ದಾಗಲೆಲ್ಲ ಹಿತ್ತಲ ಬಾಗಿಲಿನಿಂದ ಬಂದು, ಸೌಟಿನಲ್ಲಿ ರುಚಿ ನೋಡಿ, ನೀರೋ ಮಿಸೊನೋ ಸೇರಿಸಿ, ಬಂದ ದಾರಿಯಲ್ಲೇ ಹೋಗುತ್ತಿದ್ದರಂತೆ. ಹೇಳಬಾರದಿತ್ತೇ ಎಂದರೆ, "ನೀನು ಹೇಳ್ಲಿಲ್ಲ, ನಾನ್ಯಾಕೆ ಹೇಳ್ಲಿ" ಎಂದು ಗೋಡೆ ಕಡೆ ತಿರುಗಿದರು. ನಿಮ್ಮ ಮನೆತನವೇ ಹೀಗೆ. ಪ್ರೀತಿ ಇದ್ದರೆ ಹಿತ್ತಲ ಬಾಗಿಲಿನಿಂದಲೇ ಬರಬೇಕು.

ಸಾರಿಗೆ ಅವರ ನಾಲಿಗೆ ಸಾಕು. ತೊಚಿಗೆ ಸಾಲದು. ಬುದ್ಧಿ ಬಂದಾಗಿನಿಂದ ತಿನ್ನದವರಿಗೆ ಕಹಿ ಎಷ್ಟು ಬಿಟ್ಟಿದೆ, ಘಮ ಎಷ್ಟು ಉಳಿದಿದೆ ಎಂದು ಹೇಗೆ ತಿಳಿದೀತು? ಒಂಬತ್ತು ತಿಂದ ಮೇಲಂತೂ ತೊಚಿ ಎಂಬ ಹೆಸರು ಎತ್ತಿದರೆ ಎದ್ದು ಹೊರಗೆ ಹೋಗುತ್ತಾರೆ.

ಈಗ ಒಲೆಯ ಮಾತು.

ಅತ್ತೆ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಗೆ ನೀವು ಬಂದಿರಿ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟಿರಿ. ಒಲೆಯಿದ್ದ ಜಾಗಕ್ಕೆ ಹಲಗೆ ಜಡಿದು ಮೇಲೆ ಮೇಜು ಇಟ್ಟಿದ್ದೆವು. ನೀವು ಕೇಳಿದ್ದು ಒಂದೇ, ಬೂದಿ ಎಲ್ಲಿ ಎಂದು. ಕೆಲಸದವರು ತೆಗೆದು ಗಡ್ಡೆ ಪಾತಿಗೆ ಹಾಕಿದರು ಎಂದೆ. ಮೂರು ತಲೆಮಾರು ಒಂದು ದಿನವೂ ಆರದ ಒಲೆಯ ಬೂದಿ. ಆಗ ನೀವು, "ಅಮ್ಮ ಸತ್ತಿದ್ದು ಆವತ್ತಲ್ಲ, ಇವತ್ತು" ಎಂದಿರಿ. ಪೂಜೆ ಮುಗಿಸಿ, ಊಟ ಮುಟ್ಟದೆ, ಮಧ್ಯಾಹ್ನದ ಬಸ್ಸಿಗೆ ಹೋದಿರಿ. ಆ ವರ್ಷದಿಂದ ನಿಮ್ಮ ಉಪ್ಪು ಹಾಕಿದ ಬುರಿ ಮೀನು ಬರಲಿಲ್ಲ, ನಮ್ಮ ತೊಚಿ ಮೊಚಿ ಹೋಗಲಿಲ್ಲ. ವರ್ಷ ಮುಗಿಯುವ ಸಂಜೆ ಅಂಗಡಿಯಿಂದ ತಂದ ಮೀನು ತಿಂದು ವರ್ಷ ಕಳೆಯುತ್ತಿದ್ದೇವೆ. ನಿಮ್ಮ ತಮ್ಮ ಪ್ರತಿ ಸಲವೂ "ಉಪ್ಪು ಸರಿಯಾಗಿ ಹಿಡಿದಿಲ್ಲ" ಎಂದು ಅರ್ಧ ಬಿಡುತ್ತಾರೆ.

ಹೊಗೆಯಿಂದ ಅತಿಥಿಗಳಿಗೆ ಕೆಮ್ಮು ಬರುತ್ತದೆ, ಅದಕ್ಕೇ ಮುಚ್ಚಿಸಿದೆ ಎಂದು ಊರಿಗೆಲ್ಲ ಹೇಳಿದೆ. ಸುಳ್ಳು. ಅತಿಥಿಗಳು ಬರುತ್ತಿದ್ದುದೇ ಆ ಒಲೆಯ ಪಕ್ಕ ಕೂರಲು. ನಿಜ ಹೇಳುತ್ತೇನೆ. ಅತ್ತೆ ಹೋದಮೇಲೆ ಒಲೆಯ ಉತ್ತರದ ಬದಿಯ ಅವರ ಜಾಗ ಖಾಲಿಯಾಗಿತ್ತು. ದಿನಾ ಬೆಳಿಗ್ಗೆ ಬೂದಿ ಕೆದಕಿ ಕೆಂಡ ಎಬ್ಬಿಸುವಾಗ, "ಹಾಗಲ್ಲ, ಎಡಗಡೆಯಿಂದ ಕೆದಕು" ಎನ್ನುವ ಧ್ವನಿ ಬರುತ್ತದೆ ಎಂದು ಕೈ ತಡೆಯುತ್ತಿತ್ತು. ಬರುತ್ತಿರಲಿಲ್ಲ. ನಲವತ್ತು ದಿನ ತಡೆದುಕೊಂಡೆ. ನಲವತ್ತೊಂದನೆಯ ದಿನ ಬಡಗಿಗೆ ಹೇಳಿಕಳಿಸಿದೆ. ಆವತ್ತು ನಿಮ್ಮ ಮುಂದೆ ಇಷ್ಟು ಹೇಳಿದ್ದರೆ ನೀವು ಊಟ ಮಾಡಿ ಹೋಗುತ್ತಿದ್ದಿರಿ ಎಂದು ಈಗ ಅನಿಸುತ್ತದೆ. ಆಗ ನನಗೆ ಸೆಡವು. ಇಲ್ಲಿದ್ದು ಅವರ ಮೈ ಒರೆಸಿದವಳು ನಾನು, ಬೂದಿಯ ಲೆಕ್ಕ ಕೇಳಲು ಬಂದವರು ಇವರು ಎಂದುಕೊಂಡೆ.

ಹೋದ ವಾರ ಬಡಗಿ ಗೊಂಡೊ ಅವರನ್ನು ಮತ್ತೆ ಕರೆಸಿದೆ. ಹಲಗೆ ಎಬ್ಬಿಸಿದರು. ಕೆಳಗೆ ಜಲ್ಲಿ ತುಂಬಿತ್ತು. ಅದನ್ನು ತೆಗೆಸಿ, ಮಣ್ಣು ಮೆತ್ತಿ, ಕೆಟಲಿನ ಕೊಕ್ಕೆಯನ್ನು ಅಟ್ಟದಿಂದ ಇಳಿಸಿ ತೂಗುಹಾಕಿದೆವು. ಮೂರು ದಿನದಿಂದ ಒಲೆ ಉರಿಯುತ್ತಿದೆ, ಬರೀ ಓಕ್. ಮೂರು ದಿನಕ್ಕೆ ಬೂದಿ ಒಂದು ಹಿಡಿಯೂ ಇಲ್ಲ. ಸೇರಬೇಕಾದರೆ ನಮ್ಮ ಆಯಸ್ಸೂ ಸಾಲದೇನೋ. ಇರಲಿ, ಶುರುವಂತೂ ಆಯಿತು.

ತಮಾಕಿ ಮೊನ್ನೆ ಕಾಗದ ಬರೆದಿದ್ದಾಳೆ. ಕೆನಡಾದವರು ಊರಿಗೆ ಹೋಗಿ, ನಿಮ್ಮ ತೊಚಿ ಮೊಚಿ ಎಂದೂ ಮರೆಯಲಾಗದ ರುಚಿ ಎಂದು ಬರೆದರಂತೆ. ಹೇಗೆ ಮರೆತಾರು ಪಾಪ! ಜನವರಿ ಹನ್ನೊಂದಕ್ಕೆ ಇನ್ನೊಂದು ಗುಂಪು ತರುತ್ತಾಳಂತೆ. "ಈ ಸಲ ನಾನು ಮೊದಲೇ ರುಚಿ ನೋಡಲೇ ಅಮ್ಮ" ಎಂದು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಾಳೆ. ಒಳ್ಳೆಯ ಹುಡುಗಿ. ಆದರೆ ಅವಳಿಗೆ ಅತ್ತೆಯ ತೊಚಿ ಗೊತ್ತಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರುವ ನಾಲಿಗೆ ಈ ಭೂಮಿಯ ಮೇಲೆ ಎರಡೇ ಇದ್ದವು. ಒಂದು ಹೋಯಿತು.

ಅದಕ್ಕೇ ಕೇಳುತ್ತಿದ್ದೇನೆ ಅಕ್ಕ. ಮೂವತ್ತೊಂದರ ಸಂಜೆಯೊಳಗೆ ಬನ್ನಿ. ಹೊಸವರ್ಷಕ್ಕೆಂದು ಎರಡು ಸೇರು ತೊಚಿ ನೆನೆಹಾಕುತ್ತೇನೆ. ನೀವು ಬಂದು ಬೆರಳು ತೋರಿಸಬೇಕು. ಮಾತಾಡಬೇಕಾಗಿಲ್ಲ, ಅತ್ತೆಯ ನಿಯಮವೂ ಅದೇ ಅಲ್ಲವೇ? ಇದ್ದಷ್ಟು ದಿನ ತಮಾಕಿಗೆ ಆ ಅಳತೆ ಕಲಿಸಿದರೆ ಇನ್ನೂ ಒಳ್ಳೆಯದು, ಹುಡುಗಿಗೆ ಆಸೆಯಿದೆ. ನೀವು ಬಾರದಿದ್ದರೆ ಈ ಮನೆಯಲ್ಲಿ ತೊಚಿ ಮುಗಿಯಿತು ಎಂದು ಅವಳಿಗೆ ಬರೆದು, ಅಟ್ಟದ ಮೇಲಿನ ಎರಡು ಮೂಟೆ ಕಾಯಿಯನ್ನು ಬೆಟ್ಟಕ್ಕೆ ಒಯ್ದು ಕರಡಿಗೆ ಹಾಕುತ್ತೇನೆ. ಇದು ಬೆದರಿಕೆಯಲ್ಲ. ಸರಿ, ಸ್ವಲ್ಪ ಬೆದರಿಕೆಯೇ.

ಜೊತೆಗಿರುವ ಪೊಟ್ಟಣದಲ್ಲಿ ನಾಲ್ಕು ಮೊಚಿ ಇವೆ. ಈ ವಾರ ಮಾಡಿದ್ದು. ಈ ಸಲ ಒಳ್ಳೆಯ ಓಕ್ ಬೂದಿ ಸಿಕ್ಕಿತು, ಎಲ್ಲಿಂದ ಎಂದು ಕೇಳಬೇಡಿ. ಯಾರಿಗೂ ತಿನ್ನಲು ಕೊಟ್ಟಿಲ್ಲ. ಕೆಂಡದ ಮೇಲೆ ಸುಟ್ಟು ಒಂದು ಚೂರು ನಾಲಿಗೆಯ ತುದಿಗೆ ಇಟ್ಟು ನೋಡಿ. ಕಹಿಯಿದ್ದರೆ ಕಹಿ ಎಂದೇ ಹೇಳಿ. ಚೆನ್ನಾಗಿದೆ ಎನ್ನುವವರು ನನಗೆ ಏಳು ಮಂದಿ ಸಿಕ್ಕಿಯಾಗಿದೆ.

ಫುರುಕಾವಾ ನಿಲ್ದಾಣಕ್ಕೆ ನಿಮ್ಮ ತಮ್ಮ ಗಾಡಿ ತರುತ್ತಾರೆ. ಬುರಿ ತರಲೇಬೇಕು ಎಂದೇನೂ ಇಲ್ಲ. ತಂದರೆ ತಲೆ ಸಮೇತ ತನ್ನಿ, ಗಡ್ಡೆ ಹಾಕಿ ಬೇಯಿಸೋಣ. ಭಾವನವರಿಗೆ ನನ್ನ ನಮಸ್ಕಾರ ಹೇಳಿ. ಮೊಣಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೊಂಡು ಹೊರಡಿ, ಸುರಂಗ ದಾಟಿದ ಮೇಲೆ ಚಳಿ ಜಾಸ್ತಿ.

ನಿಮ್ಮ ದಾರಿ ನೋಡುತ್ತಿರುವ,
ಶಿಜುನೊ

ತಾ.ಕ.: ಡಿಸೆಂಬರ್ 10. ಲಕೋಟೆ ಅಂಟಿಸಿ ಅಂಚೆ ಕಚೇರಿಯವರೆಗೆ ಹೋಗಿ, ಹಾಗೇ ಹಿಂದೆ ಬಂದೆ. ಬೂದಿ ಎಲ್ಲಿಂದ ಎಂದು ಕೇಳಬೇಡಿ ಎಂದು ಬರೆದಿದ್ದೆನಲ್ಲ, ಅದನ್ನು ಬರೆಯದೆ ನಿಮ್ಮನ್ನು ಕರೆಯಲು ನನಗೆ ಮುಖವಿಲ್ಲ.

ನೀವು ಊಟ ಮಾಡದೆ ಹೋದ ಮರುದಿನ ಉಗ್ರಾಣ ಗುಡಿಸುವಾಗ ಒಂದು ಮಣ್ಣಿನ ಭರಣಿ ಸಿಕ್ಕಿತು. ಮುಚ್ಚಳಕ್ಕೆ ಕಾಗದ ಅಂಟಿಸಿ ಅತ್ತೆ ತಮ್ಮ ಕೈಯಿಂದ "ಕಿನುಯೆಗೆ" ಎಂದು ಬರೆದಿದ್ದರು. ಎತ್ತಿದಾಗಲೇ ಬೂದಿ ಎಂದು ಗೊತ್ತಾಯಿತು. ತಮ್ಮ ದಿನ ಹತ್ತಿರವಾಯಿತು ಎಂದು ತಿಳಿದು ಒಲೆಯಿಂದ ತೆಗೆದಿಟ್ಟಿದ್ದಾರೆ. ಮೂವತ್ತು ವರ್ಷ ಅವರ ಜೊತೆ ಆ ಒಲೆ ಕಾದವಳು ನಾನು, ಬೂದಿ ಮಾತ್ರ ಮಗಳಿಗೆ ಎಂದು ನನಗೆ ಹೊಟ್ಟೆ ಉರಿಯಿತು. ಬಾಯಿ ತೆರೆಯದೆ ಅದನ್ನು ಹಳೆಯ ಬುಟ್ಟಿಗಳ ಕೆಳಗೆ ಬಚ್ಚಿಟ್ಟೆ. ಅಮ್ಮ ಇವತ್ತು ಸತ್ತಳು ಎಂದು ನೀವು ಅತ್ತಿರಿ, ನಿಮ್ಮ ಅಮ್ಮನ ಒಂದು ಭರಣಿ ಬೂದಿ ಏಳು ವರ್ಷ ನನ್ನ ಬಳಿಯೇ ಇತ್ತು.

ಹೋದ ವಾರ ಬೇರೆ ಬೂದಿ ಸಿಗದೆ ಅದರ ಅಂಟು ಬಿಡಿಸಿದೆ. ಒಳಗೆ ಬೂದಿಯ ಮೇಲೆ ಇನ್ನೊಂದು ಚೀಟಿ ಇತ್ತು. "ಅರ್ಧ ಶಿಜುನೊಗೆ. ಅವಳು ಕೇಳೋದಿಲ್ಲ, ನೀನೇ ಕೊಡು."

ನಿಮಗೆ ಕಳಿಸಿದ ಮೊಚಿ ಆ ಬೂದಿಯದೇ. ಎರಡು ಚಿಪ್ಪಿನಷ್ಟು ತೆಗೆದಿದ್ದೇನೆ, ನನ್ನ ಅರ್ಧದಿಂದ. ಮಿಕ್ಕಿದ್ದಕ್ಕೆ ಮತ್ತೆ ಕಾಗದ ಅಂಟಿಸಿ ಒಲೆಯ ಉತ್ತರದ ಬದಿಗೆ, ಅತ್ತೆಯ ಜಾಗದಲ್ಲಿ ಇಟ್ಟಿದ್ದೇನೆ. ಬಂದಾಗ ತೊಚಿಗೆ ಬೆರಳು ತೋರಿಸಿ ಆದಮೇಲೆ ನನ್ನ ಕಡೆಗೂ ಒಮ್ಮೆ ಬೆರಳು ತೋರಿಸಿ, ನಾನು ಇನ್ನೂ ಎಷ್ಟು ಹೊತ್ತು ಬೂದಿಯಲ್ಲಿರಬೇಕು ಎಂದು. ಹತ್ತೂ ಬೆರಳು ಎತ್ತಿದರೂ ಸರಿ, ಕಾಯುತ್ತೇನೆ.